ಅಟ್ಟದಲ್ಲಿ ಉಳಿದ ಕಾಯಿ

ಅರಳಗುಪ್ಪೆ
19 ಫೆಬ್ರವರಿ 2025

ನಯನ,

ನಿನ್ನೆ ಫೋನಿನಲ್ಲಿ ನೀನು ಊಟ ಆಯ್ತಾ ಅಂದೆ, ನಾನು ಆಯ್ತು ಅಂದೆ. ನಾನು ಊಟ ಆಯ್ತಾ ಅಂದೆ, ನೀನು ಆಯ್ತು ಅಂದೆ. ಆಮೇಲೆ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡು ಫೋನ್ ಇಟ್ಟೆವು. ಅತ್ತೆ ಸೊಸೆ ಇಷ್ಟು ಮಾತಾಡಲು ವಿಯೆಟ್ನಾಮಿನ ತನಕ ಫೋನ್ ಯಾಕೆ ಬೇಕು? ಈ ಮಾತನ್ನು ನಾವು ಒಂದು ವರ್ಷದಿಂದ ಅಡುಗೆಮನೆಯಲ್ಲೇ ಆಡಿದ್ದೇವೆ. ಅದಕ್ಕೇ ಕಾಗದದಲ್ಲಿ ಬರೆದು, ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದೇನೆ. ಅಂಗನವಾಡಿಯಲ್ಲಿ ಊರಿನ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವಳು ನಾನು, ಓದಲು ನಿನಗೆ ಕಷ್ಟವಾಗದು. ನೀನೂ ಹೀಗೇ ಬರೆ. ಬರೆಯುವಾಗ ಮನುಷ್ಯ ಊಟದ ವಿಷಯ ಬಿಟ್ಟು ಇನ್ನೇನಾದರೂ ಹೇಳಲೇಬೇಕಾಗುತ್ತದೆ.

ಊರಿನವರಿಗೆ ನಾನು ಹೇಳಿರುವುದು, ಸ್ಕೂಲಿನವರು ಪಿ.ಟಿ. ಟೀಚರುಗಳನ್ನು ಟ್ರೈನಿಂಗಿಗೆ ಕಳಿಸಿದ್ದಾರೆ ಅಂತ. ಗಂಡನ ವರ್ಷದ ಕಾರ್ಯ ಮುಗಿದ ಮರುವಾರವೇ ಸೊಸೆ ಸೈಕಲ್ಲನ್ನು ಡಬ್ಬದಲ್ಲಿ ಕಟ್ಟಿಕೊಂಡು ಒಬ್ಬಳೇ ವಿಮಾನ ಹತ್ತಿದಳು, ಭಾಷೆ ಬಾರದ ದೇಶವನ್ನು ಈ ತುದಿಯಿಂದ ಆ ತುದಿಗೆ ತುಳಿಯುತ್ತಾಳೆ ಅಂದರೆ ಅವರಿಗೆ ಅರ್ಥವಾಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಿಲ್ಲ. ಪಕ್ಕದ ಮನೆಯಲ್ಲಿರುವ ನನ್ನ ಓರಗಿತ್ತಿ ಹೊಂಬಾಳಮ್ಮ ಮಾತ್ರ ಸುಳ್ಳು ಹಿಡಿದಿದ್ದಾಳೆ. ಟ್ರೈನಿಂಗಿಗೆ ಹೋಗುವವಳು ಯಾಕೆ ಎರಡು ಸೀರೆಯನ್ನೂ ಇಟ್ಟುಕೊಳ್ಳಲಿಲ್ಲ ಅಂತ ಕೇಳಿದಳು.

ಈಗ ಅಟ್ಟದ ವಿಷಯ. ತೋಟದ ಕೆಲಸದ ಬಸವರಾಜು ಬಂದಿದ್ದ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಗಂಗ ಹಾಕಿದ ಕಾಯಿ, ವರ್ಷ ದಾಟಿತು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಆಗಿರುತ್ತದೆ, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು, ಇಳಿಸಿ ಸುಲಿದುಬಿಡೋಣ ಅಂದ. ನಾನು ಇನ್ನೂ ಒಣಗಿಲ್ಲ ಅಂದೆ. ಅವನು ನನ್ನ ಮುಖ ನೋಡಿ ಎಲೆಯಡಿಕೆ ಹಾಕಿಕೊಂಡು ಹೋದ.

ನನ್ನ ತೀರ್ಮಾನ ಕೇಳು. ಅಟ್ಟ ತುಂಬಿಸಿ ಹದಿನೈದು ದಿನಕ್ಕೆ ನನ್ನ ಮಗ ಪಂಪ್‌ಸೆಟ್ಟಿನ ಹತ್ತಿರ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅವು ಅವನ ಕೈ ಕೊನೆಗೆ ಮುಟ್ಟಿದ ಕಾಯಿ. ನೀನು ಎದುರಿಗೆ ನಿಲ್ಲದೆ ಅವುಗಳ ಮೇಲೆ ಇನ್ನೊಬ್ಬರ ಕೈ ಬೀಳಕೂಡದು. ಹೆಂಗಸರು ಅಟ್ಟ ಹತ್ತುವುದು ನಮ್ಮ ಮನೆಯಲ್ಲಿಲ್ಲ, ನಮ್ಮತ್ತೆಯ ಕಾಲದಿಂದಲೂ ಇಲ್ಲ. ಬಸವರಾಜು ಹತ್ತಿ ಇಳಿಸುತ್ತಾನೆ, ನೀನು ಕೆಳಗೆ ನಿಂತಿರಬೇಕು. ಅಲ್ಲಿಯ ತನಕ ಅವು ಇದ್ದಲ್ಲೇ ಇರುತ್ತವೆ. ವಾಪಸ್ ಟಿಕೆಟ್ ಯಾವ ತಾರೀಖಿಗೆ ಅಂತ ಬರೆ.

ಚಿಕ್ಕಗೌರಮ್ಮ


ನಿನ್ ಬಿನ್
27 ಫೆಬ್ರವರಿ 2025

ಅತ್ತೆ,

ಇಲ್ಲಿ ಚಳಿ. ಬಿಸಿಲಿನ ದೇಶ ಅಂದುಕೊಂಡು ಬಂದೆ, ಒಂದೇ ಸ್ವೆಟರ್ ತಂದಿದ್ದೇನೆ. ಮಳೆ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಹಿಟ್ಟು ಜರಡಿ ಹಿಡಿದ ಹಾಗೆ ತುಂತುರು. ಕನ್ನಡಕ ಒರೆಸಿ ಒರೆಸಿ ಸಾಕಾಗಿ ಅದನ್ನು ಜೇಬಿಗೆ ಹಾಕಿಕೊಂಡು ತುಳಿಯುತ್ತೇನೆ. ರಸ್ತೆಯ ಎರಡೂ ಕಡೆ ಹೆಂಗಸರು ಬಗ್ಗಿ ನಾಟಿ ಹಾಕುತ್ತಿರುತ್ತಾರೆ. ಒಬ್ಬರೂ ತಲೆ ಎತ್ತಿ ಯಾರವಳು ಇವಳು ಅಂತ ನೋಡುವುದಿಲ್ಲ.

ಯಾಕೆ ಬಂದೆ ಅಂತ ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ಇಲ್ಲಿ ಯಾರಿಗೂ ನನ್ನ ವಿಷಯ ಗೊತ್ತಿಲ್ಲ. ಹೇಳಿಕೊಳ್ಳಲು ನನ್ನ ಹತ್ತಿರ ಮಾತಿಲ್ಲ. ಸಮಾಧಾನ ಹೇಳಲು ಅವರ ಹತ್ತಿರವೂ ಮಾತಿಲ್ಲ. ತರ್ಜುಮೆ ಮಾಡುವ ಆ್ಯಪ್ ಫೋನಿನಲ್ಲಿದೆ, ತೆರೆದಿಲ್ಲ. ಅನ್ನ ಬೇಕಾದರೆ ಬಾಯಿಯ ಹತ್ತಿರ ಕೈ ಇಡುತ್ತೇನೆ, ರೂಮು ಬೇಕಾದರೆ ಕೆನ್ನೆಯ ಹತ್ತಿರ. ಅಷ್ಟರಲ್ಲಿ ದಿನ ಮುಗಿಯುತ್ತದೆ. ಊರಿನಲ್ಲಿ ಒಂದು ವರ್ಷ ಬಂದವರೆಲ್ಲ ನನ್ನ ಕೈ ಹಿಡಿದುಕೊಂಡು ಅತ್ತುಬಿಡವ್ವ, ಹಗುರಾಗ್ತೀಯ ಅಂದರು. ಅಳು ಬರಲಿಲ್ಲ. ಬಂದ ಹಾಗೆ ಮಾಡಿ ಸೆರಗು ಕಣ್ಣಿಗೆ ಒತ್ತಿಕೊಳ್ಳುವುದನ್ನು ಕಲಿತೆ. ಇಲ್ಲಿ ಅದು ಬೇಕಾಗಿಲ್ಲ, ಅಷ್ಟೇ ಆರಾಮ.

ನೀವೂ ಅಳಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಟಿವಿಎಸ್ ಒದ್ದು ತಿಪಟೂರಿಗೆ ಗೊಬ್ಬರ ತರಲು ಹೊರಟಿರಿ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇವರಿಗೆ ಹೇಗೆ ಸಾಧ್ಯವಾಗುತ್ತದೆ ಅಂತ ಅನ್ನಿಸಿತು. ಸಿಟ್ಟೂ ಬಂದಿತ್ತು. ಈಗ ಅದೂ ಇಲ್ಲ.

ಬೆಳಗಿನಿಂದ ಸಂಜೆಯ ತನಕ ಹ್ಯಾಂಡಲ್ ಹಿಡಿದು ಎರಡೂ ಕಿರುಬೆರಳು ಜೋಮು ಹಿಡಿದಿವೆ. ರೂಮಿಗೆ ಬಂದು ಬಿಸಿನೀರಿನಲ್ಲಿ ಇಟ್ಟರೂ ಬಿಡುತ್ತಿಲ್ಲ. ಕಚ್ಚಿ ನೋಡಿದೆ, ಹಲ್ಲಿನ ಗುರುತು ಬಿತ್ತು, ಗೊತ್ತಾಗಲಿಲ್ಲ.

ಅಟ್ಟದ ವಿಷಯ ಓದಿದೆ.

ನಯನ


ಅರಳಗುಪ್ಪೆ
8 ಮಾರ್ಚ್ 2025

ನಯನ,

ಅಟ್ಟದ ವಿಷಯ ಓದಿದೆ ಅಂತ ಬರೆದೆ. ಓದಿದ್ದು ನೀಲಿ ಗುರುತು ಬಿದ್ದಾಗಲೇ ಗೊತ್ತಾಯಿತು, ಅದಕ್ಕೆ ಕಾಗದ ಖರ್ಚು ಮಾಡಬೇಕಾಗಿರಲಿಲ್ಲ. ಟಿಕೆಟಿನ ತಾರೀಖು ಕೇಳಿದ್ದೆ, ಅದನ್ನು ಬರೆಯಲಿಲ್ಲ.

ಕಿರುಬೆರಳಿಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕು. ಅಲ್ಲಿ ಸಿಗುತ್ತದೋ ಇಲ್ಲವೋ. ಗೊಬ್ಬರಕ್ಕೆ ಹೋದದ್ದರ ಬಗ್ಗೆ ಬರೆದಿದ್ದೀಯ. ಮನೆಯಲ್ಲಿ ಸಾವಾಗಿದೆ ಅಂದರೆ ಮರ ಕೇಳುತ್ತದೆಯೇ? ಅದರ ಕಾಲಕ್ಕೆ ಅದಕ್ಕೆ ಹಾಕಬೇಕು. ಇಷ್ಟೇ ಅದರ ವಿಷಯ.

ನೊಣವಿನಕೆರೆಯಿಂದ ನಿಮ್ಮಣ್ಣ ಜ್ಞಾನೇಶ್ ಬಂದಿದ್ದ. ಕಾಫಿ ಕುಡಿದ, ತೋಟದ ಮೂಲೆಗೆ ಹೋಗಿ ಗಂಗನ ಸಮಾಧಿಗೆ ಕೈ ಮುಗಿದು ಬಂದ, ಮತ್ತೆ ಕಾಫಿ ಕುಡಿದ. ಆಮೇಲೆ ನಿನ್ನ ಸರ್ಟಿಫಿಕೇಟುಗಳು ಎಲ್ಲಿವೆ, ಬಟ್ಟೆಬರೆ ಎಷ್ಟಿದೆ ಅಂತ ವಿಚಾರಿಸಿದ. ತುರುವೇಕೆರೆಯ ಕಡೆ ಒಂದು ಮನೆಯವರು ಕೇಳುತ್ತಿದ್ದಾರಂತೆ, ಹುಡುಗನಿಗೂ ಇದು ಎರಡನೆಯದು, ಮಕ್ಕಳಿಲ್ಲ ಅಂತೆ. ನಾನು ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ನಿನಗೆ ಮೂವತ್ತನಾಲ್ಕು. ನನಗೆ ಅಷ್ಟೇ ವಯಸ್ಸಾಗಿದ್ದಾಗ ಗಂಗನ ಅಪ್ಪ ಹೋದರು, ಆಗ ನನ್ನನ್ನು ಯಾರೂ ಕೇಳಲಿಲ್ಲ. ನಿಮ್ಮಣ್ಣ ಸಂಬಂಧ ನೋಡುತ್ತಿರುವುದು ನಿನಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಅಂತ ಕೇಳಬೇಕು ಅನ್ನಿಸುತ್ತದೆ. ಕೇಳುವುದಿಲ್ಲ.

ಈ ಸಲದ ಕೊಯ್ಲಿನ ಕಾಯಿ ಅಂಗಳದಲ್ಲೇ ರಾಶಿ ಬಿದ್ದಿದೆ. ಮೇಲೆ ಜಾಗ ಇಲ್ಲವಲ್ಲ. ಕೆಳಗಿನವು ಮೊಳಕೆ ಒಡೆಯುತ್ತಿವೆ. ಬಸವರಾಜು ದಿನಾ ಅದರ ಸುತ್ತ ಒಂದು ಸುತ್ತು ಹಾಕಿ ನನಗೆ ಕೇಳಿಸುವ ಹಾಗೆ ನಿಟ್ಟುಸಿರು ಬಿಡುತ್ತಾನೆ. ಹೊಂಬಾಳಮ್ಮನೂ ಶುರು ಮಾಡಿದ್ದಾಳೆ. ಅವರಿಬ್ಬರಿಗೂ ನಾನು ಹೇಳುವುದು ಒಂದೇ, ಇನ್ನೂ ಒಣಗಿಲ್ಲ. ನಿನಗೂ ಅದನ್ನೇ ಹೇಳುತ್ತೇನೆ. ಕೆಲವು ಕಾಯಿ ನಿಧಾನ.

ಚಿಕ್ಕಗೌರಮ್ಮ


ಹ್ವೆ
22 ಮಾರ್ಚ್ 2025

ಅತ್ತೆ,

ಮೊನ್ನೆ ಇಳಿಜಾರಿನಲ್ಲಿ ಬಿದ್ದೆ. ಹೆದರಬೇಡಿ, ಮೂಳೆ ಮುರಿದಿಲ್ಲ. ಮರಳಿನ ಮೇಲೆ ಚಕ್ರ ಜಾರಿತು. ಮೊಣಕೈಯಿಂದ ಮಣಿಕಟ್ಟಿನ ತನಕ ಚರ್ಮ ಹೋಗಿತ್ತು. ನಾನು ರಸ್ತೆಯ ಪಕ್ಕ ಕೂತು ಅದನ್ನು ನೋಡುತ್ತಿದ್ದೆ. ನೋವಾಗಿರಬೇಕು. ಯಾರದೋ ಕೈ ನೋಡುತ್ತಿದ್ದೇನೆ ಅನ್ನಿಸುತ್ತಿತ್ತು.

ಎದುರಿನ ಚಹಾದಂಗಡಿಯ ಹೆಂಗಸು ಬಂದು ಒಳಗೆ ಕರೆದುಕೊಂಡು ಹೋದಳು. ತೊಳೆದು, ಔಷಧಿ ಹಚ್ಚಿ, ಬಟ್ಟೆ ಕಟ್ಟಿದಳು. ಒಂದು ಬಟ್ಟಲು ಶಾವಿಗೆ ಗಂಜಿ ಇಟ್ಟಳು. ತಾನು ಮಾತಾಡುತ್ತಲೇ ಇದ್ದಳು, ನನಗೆ ಒಂದಕ್ಷರ ಅರ್ಥವಾಗಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆಮೇಲೆ ತನ್ನ ಉಂಗುರ ತೋರಿಸಿ, ನನ್ನ ಕಡೆ ಬೆರಳು ಮಾಡಿ ಹುಬ್ಬೇರಿಸಿದಳು. ಮದುವೆ ಆಗಿದೆಯಾ ಅಂತ. ತಲೆಯಾಡಿಸಿದೆ. ಗಂಡ ಎಲ್ಲಿ ಅಂತ ಕೈ ತಿರುಗಿಸಿದಳು. ನಾನು ನೆಲ ತೋರಿಸಿದೆ.

ಅವಳಿಗೆ ಅರ್ಥವಾಗಲಿಲ್ಲ. ಸ್ವಲ್ಪ ಯೋಚಿಸಿ, ಅಂಗೈಯನ್ನು ಕೆನ್ನೆಯ ಕೆಳಗಿಟ್ಟು, ಕಣ್ಣು ಮುಚ್ಚಿ ಗೊರಕೆ ಹೊಡೆದಳು. ಮಲಗಿದ್ದಾನಾ? ಹೆಂಡತಿಯನ್ನು ಇಷ್ಟು ದೂರ ಕಳಿಸಿ ಸೋಮಾರಿ ಮಲಗಿದ್ದಾನಾ? ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಹೌದು ಅಂತ ತಲೆಯಾಡಿಸಿದೆ. ನಾನೂ ನಕ್ಕೆ. ಗಂಜಿ ಪೂರ್ತಿ ಕುಡಿದೆ.

ರೂಮಿಗೆ ಬಂದು, ಈಗಲಾದರೂ ಏನಾದರೂ ಆಗುತ್ತದೆ ಅಂತ ಕಾದೆ. ಏನೂ ಆಗಲಿಲ್ಲ. ನಿದ್ದೆ ಬಂತು.

ನೀವು ಕಾಯಿ ಇಳಿಸಿಬಿಡಿ, ಅತ್ತೆ. ನನಗಾಗಿ ಇಟ್ಟುಕೊಳ್ಳಬೇಡಿ. ನಾನು ಎದುರಿಗೆ ನಿಂತರೂ ಒಂದೇ, ನಿಲ್ಲದಿದ್ದರೂ ಒಂದೇ. ಬಸವರಾಜುಗೆ ಹೇಳಿ ಸುಲಿಸಿ ಮಾರಿಬಿಡಿ. ಅಂಗಳದ ಕಾಯಿಯಾದರೂ ಉಳಿಯಲಿ.

ನಯನ


ಅರಳಗುಪ್ಪೆ
25 ಮಾರ್ಚ್ 2025

ನಯನ,

ಕೈ ಗಾಯಕ್ಕೆ ನೀರು ತಾಗಿಸಬೇಡ.

ಇಳಿಸಿಬಿಡಿ ಅಂತ ಬರೆದೆ. ಆಯಿತು. ಎದುರಿಗೆ ನಿಂತರೂ ನಿಲ್ಲದಿದ್ದರೂ ಒಂದೇ ಅಂತ ಬರೆದೆ. ಅದೂ ಆಯಿತು. ಒಂದು ಕಡೆಯಿಂದ ಕೈ ತೊಳೆದುಕೊಂಡು ಹೋಗುವವರಿಗೆ ಹಾಗೇ ಅನ್ನಿಸುತ್ತದೆ, ನಾನು ತಪ್ಪು ತಿಳಿಯುವುದಿಲ್ಲ. ನಿಮ್ಮಣ್ಣನ ವಿಷಯಕ್ಕೆ ನೀನು ಒಂದು ಮಾತೂ ಬರೆಯಲಿಲ್ಲ. ಬರೆಯದಿರುವುದನ್ನು ಓದಲು ನನಗೂ ಬರುತ್ತದೆ.

ನಿನ್ನ ಪೆಟ್ಟಿಗೆ ಕೆಳಗಿಳಿಸಿ ಧೂಳು ಹೊಡೆದಿದ್ದೇನೆ. ಸೀರೆಗಳನ್ನು ಬಿಸಿಲಿಗೆ ಹಾಕಿ ಮಡಿಸಿಟ್ಟಿದ್ದೇನೆ. ಸರ್ಟಿಫಿಕೇಟುಗಳ ಫೈಲೂ ಅದರಲ್ಲೇ ಇದೆ. ಜ್ಞಾನೇಶ್ ಮತ್ತೆ ಬರುತ್ತೇನೆ ಅಂದಿದ್ದಾನೆ. ಬಂದರೆ ಕೊಡಲೋ ಬೇಡವೋ, ಅಷ್ಟು ಮಾತ್ರ ತಿಳಿಸು. ಬೇರೇನೂ ಬರೆಯುವ ಕಷ್ಟ ಬೇಡ.

ಚಿಕ್ಕಗೌರಮ್ಮ


ಕ್ವಾಂಗ್ ನಾಯ್
30 ಮಾರ್ಚ್ 2025

ಅತ್ತೆ,

ಕೊಡಬೇಡಿ.

ನಯನ


ಬೆನ್ ತ್ರೆ
16 ಏಪ್ರಿಲ್ 2025

ಅತ್ತೆ,

ನಾನು ಬರೆದ ಒಂದು ಮಾತಿಗೆ ನೀವು ಉತ್ತರ ಬರೆಯಲಿಲ್ಲ. ಅದಕ್ಕೆ ಉತ್ತರ ಬರೆಯುವಂಥದ್ದೇನೂ ಇರಲಿಲ್ಲ, ನಿಮ್ಮ ತಪ್ಪಲ್ಲ. ಇವತ್ತು ಉದ್ದ ಬರೆಯುತ್ತೇನೆ. ಅಕ್ಷರ ದುಂಡಗಿಲ್ಲ ಅಂತ ಬೈಯಬೇಡಿ.

ಇದು ತೆಂಗಿನ ಸೀಮೆ. ನನಗೆ ಗೊತ್ತಿರಲಿಲ್ಲ. ಯಾರಾದರೂ ಹೇಳಿದ್ದರೆ ಈ ಕಡೆ ಬರುತ್ತಲೇ ಇರಲಿಲ್ಲ. ದೊಡ್ಡ ಸೇತುವೆ ದಾಟಿದೆ, ಎರಡೂ ಕಡೆ ಬರೀ ತೆಂಗು. ಆದರೆ ನಮ್ಮ ಹಾಗೆ ಒಣನೆಲದಲ್ಲಲ್ಲ, ಒಂದೊಂದು ಸಾಲಿನ ಮಧ್ಯೆಯೂ ಕಾಲುವೆ. ನಮ್ಮ ಕಡೆ ಬೋರ್‌ವೆಲ್ ನಂಬಿಕೊಂಡ ಮರಗಳು ಇದನ್ನು ನೋಡಿದರೆ ಹೊಟ್ಟೆ ಉರಿದುಕೊಳ್ಳುತ್ತವೆ. ನನಗೆ ವಾಪಸ್ ತಿರುಗಿಬಿಡೋಣ ಅನ್ನಿಸಿತು. ರಸ್ತೆ ಚಿಕ್ಕದು, ಹಿಂದೆ ಸ್ಕೂಟರುಗಳ ಸಾಲು, ತಿರುಗಿಸಲು ಆಗಲಿಲ್ಲ. ಹಾಗೇ ತುಳಿದೆ.

ಒಂದು ತೋಟದಲ್ಲಿ ಕೊಯ್ಲು ನಡೆಯುತ್ತಿತ್ತು. ಒಬ್ಬ ಗಂಡಸು ಉದ್ದ ಬಿದಿರಿಗೆ ಕುಡುಗೋಲು ಕಟ್ಟಿ ಗೊನೆ ಕೀಳುತ್ತಿದ್ದ. ನಿಮ್ಮ ವಯಸ್ಸಿನ ಒಬ್ಬ ಹೆಂಗಸು ಬಿದ್ದ ಕಾಯಿಗಳನ್ನು ಆರಿಸಿ ಎಸೆಯುತ್ತಿದ್ದಳು. ಎಲ್ಲಿಗೆ ಎಸೆಯುತ್ತಿದ್ದಾಳೆ ಅಂತ ನೋಡಿದೆ. ಕಾಲುವೆಗೆ. ಬಲಿತ ಕಾಯಿ, ಒಂದರ ಹಿಂದೆ ಒಂದು, ನೇರ ನೀರಿಗೆ.

ಹೆಂಚು ಸೋರಿ ಅಟ್ಟದ ಮೂಲೆಯ ನಾಲ್ಕು ಕಾಯಿ ಒದ್ದೆಯಾದರೂ ನೀವು ಮನೆಯವರನ್ನೆಲ್ಲ ಎಬ್ಬಿಸುತ್ತೀರಿ. ಸಿಪ್ಪೆ ನೆನೆದರೆ ಕೊಬ್ಬರಿ ಕೊಳೆಯುತ್ತದೆ, ಅಷ್ಟು ಗೊತ್ತಿಲ್ಲದವರು ಯಾರಿದ್ದಾರೆ? ನಾನು ಸೈಕಲ್ ಬಿಸಾಕಿ ಓಡಿದೆ. ಕೂಗುತ್ತಿದ್ದೆ. "ನೀರಿಗ್ ಹಾಕ್ಬ್ಯಾಡಿ ಕಣ್ರೀ, ನೆಂದೋದ್ರೆ ಕೊಬ್ರಿ ಆಗಕಿಲ್ಲ, ಹಾಕ್ಬ್ಯಾಡಿ" ಅಂತ. ಕನ್ನಡದಲ್ಲಿ. ಅದೂ ಮೇಷ್ಟ್ರ ಕನ್ನಡವಲ್ಲ, ನಮ್ಮಜ್ಜಿಯ ಕನ್ನಡ. ಶೂ ಸಮೇತ ಕಾಲುವೆಗೆ ಇಳಿದೆ. ತೊಡೆಯ ತನಕ ಕೆಸರು. ತೇಲುತ್ತಿದ್ದ ಕಾಯಿಗಳನ್ನು ಹಿಡಿದು ಹಿಡಿದು ದಡಕ್ಕೆ ಎಸೆಯತೊಡಗಿದೆ.

ಗಂಡಸು ಬಿದಿರು ಹಿಡಿದುಕೊಂಡು ಹಾಗೇ ನಿಂತ. ಹೆಂಗಸು ಮೊದಲು ಹೆದರಿದಳು, ಆಮೇಲೆ ನಗತೊಡಗಿದಳು. ಕೈ ಬೀಸಿ ಕಾಲುವೆಯ ತಿರುವು ತೋರಿಸಿದಳು. ಅಲ್ಲಿ ದೋಣಿ ನಿಂತಿತ್ತು, ದೋಣಿಯವನು ತೇಲಿ ಬಂದ ಕಾಯಿ ಎತ್ತಿ ತುಂಬಿಕೊಳ್ಳುತ್ತಿದ್ದ. ಇವರು ಕೊಬ್ಬರಿ ಮಾಡುವವರಲ್ಲ, ಹಸಿಕಾಯಿ ಕಳಿಸುವವರು. ಹೊರುವ ಬದಲು ನೀರಿಗೆ ಬಿಡುತ್ತಾರೆ. ಅವರ ಕೆಲಸ ಅವರು ಸರಿಯಾಗಿಯೇ ಮಾಡುತ್ತಿದ್ದರು. ನಾನು ತಿಪಟೂರಿನವಳು, ನನಗೆ ಅದು ತಲೆಗೆ ಹೊಳೆಯಲಿಲ್ಲ.

ನಾನು ಆಟಕ್ಕೆ ಇಳಿದಿದ್ದೇನೆ ಅಂದುಕೊಂಡಳೋ ಏನೋ. ದಡದಿಂದ ಒಂದು ಕಾಯಿ ಎತ್ತಿ ನನ್ನ ಕಡೆಗೆ ಎಸೆದಳು. ನಾನು ಹಿಡಿದೆ. ಇನ್ನೊಂದು ಎಸೆದಳು, ಅದನ್ನೂ ಹಿಡಿದೆ. ಕಿರುಬೆರಳಿಗೆ ಇನ್ನೂ ಸ್ಪರ್ಶ ಗೊತ್ತಾಗುತ್ತಿಲ್ಲ, ಆದರೂ ಹಿಡಿದೆ. ಮೂರನೆಯದನ್ನು ಎದೆಗೆ ಒತ್ತಿಕೊಂಡೆ, ಮತ್ತೆ ಬಿಡಲು ಆಗಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ. ಸೆರಗು ಇರಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ದನ ಕೂಗಿದ ಹಾಗೆ ಕೂಗಿದೆ. ಅವಳು ನೀರಿಗೆ ಇಳಿದು ಬಂದು ನನ್ನ ಮೊಣಕೈ ಹಿಡಿದುಕೊಂಡು ನಿಂತಳು. ಏನೋ ಹೇಳಿದಳು. ಏನು ಅಂತ ಗೊತ್ತಾಗಲಿಲ್ಲ.

ಈಗ ನಿಮಗೆ ಒಂದು ಹೇಳಬೇಕು. ಅಟ್ಟ ತುಂಬಿಸಿದ ದಿನ ನೀವು ಹುಳಿಯಾರಿಗೆ ಮದುವೆಗೆ ಹೋಗಿದ್ದಿರಿ, ನೆನಪಿದೆಯಾ? ಬಸವರಾಜು ಬರುತ್ತೇನೆ ಅಂದವನು ಬರಲಿಲ್ಲ. ಇವರು ನನಗೆ, "ಅಮ್ಮ ಇಲ್ಲ, ನೀನೇ ಹತ್ತು ಕಣೇ, ಯಾರಿಗ್ ಗೊತ್ತಾಯ್ತದೆ" ಅಂದರು. ಅವರದೇ ಪ್ಯಾಂಟು ಹಾಕಿಕೊಂಡು ಏಣಿ ಹತ್ತಿದೆ. ಅವರು ಕೆಳಗಿನಿಂದ ಎಸೆದರು, ನಾನು ಮೇಲೆ ಹಿಡಿದೆ. ಸುಮ್ಮನೆ ಎಸೆಯುವವರೇ ಅವರು? ಕ್ರಿಕೆಟ್ಟಿನ ಬೌಲರ್ ಹಾಗೆ ಓಡಿ ಬಂದು ಎಸೆಯುವುದು, ಹಿಂದೆ ತಿರುಗಿ ತಲೆಯ ಮೇಲಿಂದ ಎಸೆಯುವುದು. ಒಂದನ್ನೂ ಬಿಡಲಿಲ್ಲ ನಾನು. ಹಿಡಿದು ಹಿಡಿದು ಸಾಲು ಜೋಡಿಸಿದೆ. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಅಮ್ಮನಿಗೆ ಹೇಳಬೇಡ ಅಂದರು. ನಾನು ಹೇಳಲಿಲ್ಲ.

ಅವನ ಕೈ ಕೊನೆಗೆ ಮುಟ್ಟಿದ ಕಾಯಿ ಅಂತ ನೀವು ಹೇಳಿದಾಗಲೆಲ್ಲ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಅಷ್ಟು ಕಾಯಿಯೂ ಅವರ ಕೈಯಿಂದ ನನ್ನ ಕೈಗೆ ಬಂದವು. ಬಸವರಾಜು ಹತ್ತಿ ಅವನ್ನು ದಡಬಡ ಉರುಳಿಸುವುದನ್ನು ಕೆಳಗೆ ನಿಂತು ನೋಡಲು ನನ್ನಿಂದ ಆಗದು. ಅದಕ್ಕೇ ಓಡಿ ಬಂದೆ. ನಿಂತರೂ ನಿಲ್ಲದಿದ್ದರೂ ಒಂದೇ ಅಂತ ಬರೆದದ್ದು ನಿಜವಲ್ಲ. ಇಳಿಸಬೇಡಿ. ನೀವು ಇನ್ನೂ ಇಳಿಸಿಲ್ಲ, ನನಗೆ ಗೊತ್ತು. ಇಳಿಸಿದ್ದರೆ ಬರೆಯುತ್ತಿದ್ದಿರಿ. ಇಪ್ಪತ್ತೊಂದನೇ ತಾರೀಖು ಬೆಂಗಳೂರಿಗೆ ಬಂದು ಇಳಿಯುತ್ತೇನೆ, ಟಿಕೆಟ್ ಮಾಡಿದ್ದೇನೆ. ನಾನೇ ಹತ್ತುತ್ತೇನೆ. ನಿಮ್ಮತ್ತೆಯ ಕಾಲದಿಂದ ಇಲ್ಲದಿದ್ದರೂ ಪರವಾಗಿಲ್ಲ. ಅಣ್ಣನಿಗೆ ನಾನೇ ಫೋನ್ ಮಾಡಿ ಬೇಡ ಅಂದೆ.

ನಯನ


ಅರಳಗುಪ್ಪೆ
16 ಏಪ್ರಿಲ್ 2025

ನಯನ,

ಕೊಡಬೇಡಿ ಅಂದೆ, ಕೊಡಲಿಲ್ಲ. ಜ್ಞಾನೇಶ್ ಬಂದು ಬರಿಗೈಯಲ್ಲಿ ಹೋದ. ಆದರೆ ಅದಾದ ಮೇಲೂ ನೀನು ಬರುತ್ತೇನೆ ಅಂತ ಬರೆಯಲಿಲ್ಲ. ಪೆಟ್ಟಿಗೆಯೂ ಬೇಡ, ಮನೆಯೂ ಬೇಡ ಅಂದರೆ ಇವಳಿಗೆ ಏನು ಅಡ್ಡ ಅಂತ ಯೋಚಿಸಿದೆ. ತಲೆ ಎತ್ತಿ ನೋಡಿದರೆ ಅಟ್ಟ. ನಾನೇ ಅದನ್ನು ನಿನ್ನ ನೆತ್ತಿಯ ಮೇಲೆ ಇಟ್ಟೆ ಅನ್ನಿಸಿತು.

ಒಣಗಿಲ್ಲ ಅಂತ ನಾನು ಬರೆದದ್ದು ಸುಳ್ಳು. ಒಣಗಿದೆಯೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ. ಏಣಿಯನ್ನು ಮುಟ್ಟಿದವಳಲ್ಲ, ಬಸವರಾಜುವನ್ನೂ ಮುಟ್ಟಲು ಬಿಟ್ಟವಳಲ್ಲ. ಅಂದು ಗೊಬ್ಬರಕ್ಕೆ ಹೋದದ್ದೂ ಸುಳ್ಳು. ಹಾಲ್ಕುರಿಕೆಯ ದಾರಿಯಲ್ಲಿ ಒಂದು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ಸಂಜೆಯ ತನಕ ಕೂತಿದ್ದೆ. ಅಲ್ಲೂ ಅಳು ಬರಲಿಲ್ಲ. ಅಂಗಡಿ ಬಾಗಿಲು ಹಾಕಿತ್ತು ಅಂತ ಬಂದು ಹೇಳಿದೆ. ನೀನು ನಂಬಿದೆ.

ಹೋದ ವಾರ ನಾನೇ ಹತ್ತಿದೆ. ಹೊಂಬಾಳಮ್ಮ ಏಣಿ ಹಿಡಿದುಕೊಂಡಿದ್ದಳು, ನಮ್ಮತ್ತೆ ಇದ್ದಿದ್ದರೆ ಇಬ್ಬರಿಗೂ ಬರೆ ಹಾಕುತ್ತಿದ್ದರು. ಮೇಲೆ ಹೋಗಿ ನೋಡಿದರೆ ಏನು ಹೇಳಲಿ, ಸಾಲು ಅಂದರೆ ಸಾಲು. ತೊಟ್ಟು ಎಲ್ಲ ಒಂದೇ ಕಡೆಗೆ. ಗಂಗ ಯಾವತ್ತು ಹಾಗೆ ಜೋಡಿಸಿದವನು? ರಾಶಿ ಸುರಿದು ಇಳಿದು ಬರುತ್ತಿದ್ದ, ಅದಕ್ಕೆ ಎಷ್ಟು ಸಲ ಬೈದಿದ್ದೇನೆ. ಹೋಗುವ ಮುಂಚೆ ನನ್ನ ಮಾತು ಕೇಳಿದ್ದಾನೆ ಅಂದುಕೊಂಡೆ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಚೆನ್ನಾಗಿ ಒಣಗಿತ್ತು. ಎಷ್ಟು ಹೊತ್ತು ಅಲ್ಲಿ ಕೂತೆನೋ, ಕೆಳಗಿನಿಂದ ಹೊಂಬಾಳಮ್ಮ ಗಾಬರಿಯಾಗಿ ಕೂಗಿದಳು.

ಎಲ್ಲ ನನ್ನ ಕೈಯಿಂದಲೇ ಇಳಿಸಿದೆ. ಬಸವರಾಜು ಸುಲಿದ, ಒಡೆದ. ನಿನ್ನೆ ಎಲ್ಲ ತಿಪಟೂರಿಗೆ ಹೋಯಿತು. ಒಂದನ್ನಾದರೂ ಇಟ್ಟುಕೊಳ್ಳೋಣ ಅನ್ನಿಸಿತ್ತು. ಇಟ್ಟುಕೊಂಡರೆ ನೀನು ಬಂದ ದಿನ ಅದನ್ನು ನೋಡಬೇಕಾಗುತ್ತದೆ ಅಂತ ಅದನ್ನೂ ಚೀಲಕ್ಕೆ ಹಾಕಿಬಿಟ್ಟೆ. ಈಗ ಅಟ್ಟ ಖಾಲಿ. ಇನ್ನು ನಿನಗೆ ಹೆದರುವಂಥದ್ದು ಈ ಮನೆಯಲ್ಲಿ ಏನೂ ಇಲ್ಲ. ಬರಬೇಕು ಅನ್ನಿಸಿದರೆ ಬಾ.

ಚಿಕ್ಕಗೌರಮ್ಮ


ಅರಳಗುಪ್ಪೆ
18 ಏಪ್ರಿಲ್ 2025

ನಯನ,

ನಿನ್ನ ಕಾಗದ ಬಂದಾಗ ನನ್ನದರ ಫೋಟೋ ಆಗಲೇ ಹೋಗಿಬಿಟ್ಟಿತ್ತು. ಅದನ್ನು ಅಳಿಸಲು ನೋಡಿದೆ, ನೀಲಿ ಗುರುತು ಬಿದ್ದಾಗಿತ್ತು. ಎರಡು ದಿನದಿಂದ ನೀನು ಏನೂ ಬರೆದಿಲ್ಲ. ಬರೆಯಬೇಡ, ನನಗೆ ಗೊತ್ತಾಗುತ್ತದೆ.

ಆ ಸಾಲುಗಳು ನಿನ್ನವು. ಮಗ ಬುದ್ಧಿ ಕಲಿತ ಅಂತ ಹಿಗ್ಗುತ್ತಾ ನಾನು ಒಂದೊಂದನ್ನೇ ಕಿತ್ತು ಕೆಳಗೆ ಹಾಕಿದೆ. ನೀನು ಬರುವವರೆಗೆ ಕಾಯಬೇಕಿತ್ತು. ಒಂದು ವರ್ಷ ಕಾದವಳಿಗೆ ಇನ್ನೊಂದು ವಾರ ಕಾಯಲಾಗಲಿಲ್ಲ. ನಿನ್ನೆ ಟಿವಿಎಸ್ ಹತ್ತಿ ತಿಪಟೂರಿಗೆ ಹೋದೆ, ಒಂದಾದರೂ ಸಿಗುತ್ತದೋ ಅಂತ. ಯಾರ ಕೊಬ್ಬರಿ ಯಾವುದು ಅಂತ ಅಲ್ಲಿ ಹೇಗೆ ಹೇಳುವುದು? ಲಾರಿ ಹೋಗಿತ್ತು. ನನಗೆ ಬಹಳ ಸಂಕಟವಾಗಿದೆ, ನಯನ. ಬಂದ ಮೇಲೆ ನನ್ನನ್ನು ಚೆನ್ನಾಗಿ ಬೈ, ಸುಮ್ಮನಿರಬೇಡ. ನಾವಿಬ್ಬರೂ ಸುಮ್ಮನಿದ್ದದ್ದು ಸಾಕು.

ಇನ್ನೊಂದು. ನಾನು ಹುಳಿಯಾರಿನಲ್ಲಿ ಹೋಳಿಗೆ ತಿನ್ನುತ್ತಿದ್ದಾಗ ನೀವಿಬ್ಬರೂ ನನ್ನ ಅಟ್ಟದಲ್ಲಿ ಕ್ರಿಕೆಟ್ ಆಡಿದ್ದೀರಿ. ಅದನ್ನು ಓದಿ ಅಂಗಳದಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಹಿಂದೆ ತಿರುಗಿ ತಲೆಯ ಮೇಲಿಂದ ಎಸೆಯುವುದು ಅವನು ಚಿಕ್ಕಂದಿನಿಂದ ಮಾಡುತ್ತಿದ್ದ, ಎಷ್ಟು ಹೆಂಚು ಒಡೆದಿದ್ದಾನೆ. ನಗುತ್ತಿದ್ದ ಹಾಗೇ ಅಳು ಬಂತು. ಬಸವರಾಜು ಎದುರಿಗೇ ಇದ್ದ. "ಬುಡವ್ವ, ಅತ್ಬುಡು" ಅಂದು ಮುಖ ಆ ಕಡೆ ತಿರುಗಿಸಿಕೊಂಡು ನಿಂತ.

ಅಂಗಳದ ರಾಶಿಯಲ್ಲಿ ಮೊಳಕೆ ಬಂದದ್ದನ್ನು ಆರಿಸಿ ಬೇರೆ ಹಾಕಿದ್ದೇನೆ. ಉಳಿದದ್ದನ್ನು ಅಟ್ಟಕ್ಕೆ ಹಾಕುತ್ತೇನೆ ಅಂತ ಬಸವರಾಜು ಏಣಿ ಒರಗಿಸಿದ. ಬೇಡ ಅಂತ ಕಳಿಸಿದೆ. ನೀನು ಬಾ. ಮೇಲೆ ನೀನು ಹತ್ತು, ಕೆಳಗಿನಿಂದ ನಾನು ಎಸೆಯುತ್ತೇನೆ. ಅವನ ಹಾಗೆ ಎಸೆಯಲು ನನಗೆ ಬರುವುದಿಲ್ಲ. ಅರ್ಧಕ್ಕೇ ಬೀಳಬಹುದು, ನೀನೇ ಸ್ವಲ್ಪ ಬಗ್ಗಿ ಹಿಡಿ.

ಚಿಕ್ಕಗೌರಮ್ಮ